ತೊಯ್ದ ಕಾಲಿಗೆ ಯಾವ ಸಾಕ್ಸ್?

ಸಾಂಗಲಿ ಜಿಲ್ಲೆ, ಜತ್ತ ತಾಲೂಕಿನ ಬಾಲಗಾಂವದಲ್ಲಿ ಸರ್ಕಾರದ ಕಾಗದ ಮರಾಠಿಯಲ್ಲಿ ಬರುತ್ತದೆ, ಮನೆಯ ಜಗಳ ಕನ್ನಡದಲ್ಲಿ ನಡೆಯುತ್ತದೆ. ಇದೂ ಒಂದು ಸಣ್ಣ ಜಗಳವೇ. ಒಬ್ಬರು ಮರಾಠಾ ಲೈಟ್ ಇನ್‌ಫಂಟ್ರಿಯಿಂದ ನಿವೃತ್ತರಾಗಿ ದಾಳಿಂಬೆ ತೋಟ ಹಿಡಿದಿರುವ ಕಾಕಾ. ಇನ್ನೊಬ್ಬಳು ಪುಣೆಯಲ್ಲಿ ನೌಕರಿ ಮಾಡುವ, ರಜೆಗೆ ಬಂದಿರುವ ಅಣ್ಣನ ಮಗಳು. ನಡುವೆ ಅಂಗಳದ ಹಗ್ಗದ ಮೇಲೆ ಒಣಗುತ್ತಿರುವ ಸಾಕ್ಸುಗಳು.

ಕಾಕಾ – ಇದೇನವಾ ಇದು? ಮನ್ಯಾಗ ಇರೂ ಮಂದಿ ನಾಕು. ಹಗ್ಗ ನೋಡಿದ್ರ ಒಂದು ಪಲ್ಟನ್ ಬಂದು ಇಳದಂಗ ಐತಿ.

ಹುಡುಗಿ – ಎಲ್ಲಾ ನನ್ನವ ರೀ. ಹೈರಾಕ್ಸಿಗೆ ಯಾವ್ದು ಹಾಕ್ಕೋಬೇಕು ಅಂತ ನೋಡಾಕತ್ತೀನಿ.

ಕಾಕಾ – ಅದ ನಿನ್ನ ಮುಂಬೈ ರೇಸ್? ಒಮ್ಮೆ ಓಡೂದು ಅಂತಿ, ಒಮ್ಮೆ ದಬ್ಬೂದು ಅಂತಿ. ಅದು ಓಟೋ ಹಮಾಲಿನೋ ನನಗಿನ್ನಾ ತಿಳಿದಿಲ್ಲ.

ಹುಡುಗಿ – ಎರಡೂ ರೀ. ಒಂದು ಕಿಲೋಮೀಟರ್ ಓಡೂದು, ಒಂದು ಕೆಲಸ ಮಾಡೂದು, ಮತ್ತ ಓಡೂದು. ಎಂಟು ಓಟ, ಎಂಟು ಕೆಲಸ. ಮೊದಲ ಸ್ಕೀ ಮಷಿನ್ ಜಗ್ಗೂದು 1000 ಮೀಟರ್. ಆಮ್ಯಾಲ ಸ್ಲೆಡ್ ದಬ್ಬೂದು 50 ಮೀಟರ್, ಅದನ್ನ ಹಗ್ಗ ಹಚ್ಚಿ ಜಗ್ಗೂದು 50 ಮೀಟರ್. ನೆಲಕ್ಕ ಬಿದ್ದು, ಎದ್ದು, ಮುಂದ ಜಿಗಿಯೂದು 80 ಮೀಟರ್. ಹುಟ್ಟು ಹಾಕೂ ಮಷಿನ್ 1000 ಮೀಟರ್. ಎರಡೂ ಕೈಯಾಗ ಭಾರ ಹಿಡ್ಕೊಂಡು 200 ಮೀಟರ್. ಹೆಗಲ ಮ್ಯಾಲ ಉಸುಕಿನ ಚೀಲ ಹೊತ್ಕೊಂಡು, ಹೆಜ್ಜಿಗೊಮ್ಮೆ ಮೊಣಕಾಲು ನೆಲಕ್ಕ ಹಚ್ಚಿಕೋತ 100 ಮೀಟರ್. ಕಡೀಕ ಭಾರದ ಚೆಂಡು ಮ್ಯಾಲ ಎಸದು ಹಿಡಿಯೂದು.

ಕಾಕಾ – ಸ್ಲೆಡ್ಡಿಗೆ ಗಾಲಿ ಇರ್ತಾವೇನು?

ಹುಡುಗಿ – ಇಲ್ರೀ. ಕಾರ್ಪೆಟ್ ಮ್ಯಾಲ ಕಬ್ಬಿಣ ಹೊತ್ತು ಕುಂತಿರ್ತೈತಿ. ನಮ್ಮ ಓಪನ್ ವರ್ಗದಾಗ ದಬ್ಬೂದು ಸ್ಲೆಡ್ ಸೇರಿ 102 ಕಿಲೋ, ಜಗ್ಗೂದು 78. ಗಂಡಸರಿಗೆ 152, 103.

ಕಾಕಾ – ಹಂಗಾರ ಇದು ನಮ್ಮ ಜಾತ್ರಿ ತೆರಬಂಡಿ! ಗಾಲಿ ಕಟ್ಟಿದ ಬಂಡಿಗೆ ಎತ್ತು ಹೂಡೂದು ಬಿಟ್ಟು ನಿಮ್ಮನ್ನ ಹೂಡ್ಯಾರ. ಪ್ರವೇಶದ ರೊಕ್ಕ ಎತ್ತೇ ಕೊಡಬೇಕು ಅನ್ನೂದೊಂದು ಹೊಸಾದು.

ಹುಡುಗಿ – ನಗಬ್ಯಾಡ್ರಿ. ಈ ರೇಸ್ ಹುಟ್ಟು ಹಾಕಿದಾತ ನಿಮಗ ಗೊತ್ತಿರೂ ಮನಿಶಾನ. ಮೊರಿಟ್ಜ್ ಫ್ಯೂರ್ಸ್ಟೆ, ಜರ್ಮನಿಯ ಹಾಕಿ ಆಟಗಾರ. 2008ರ ಬೀಜಿಂಗ್, 2012ರ ಲಂಡನ್, ಎರಡೂ ಒಲಿಂಪಿಕ್ಸಿನಾಗ ಬಂಗಾರ. ನಮ್ಮ ಹಾಕಿ ಇಂಡಿಯಾ ಲೀಗಿನಾಗ ರಾಂಚಿ ತಂಡಕ್ಕ ಆಡಿದಾತ. ಆತ ಮತ್ತ ಕ್ರಿಸ್ಟಿಯನ್ ಟೋಟ್ಸ್ಕೆ ಅನ್ನಾವ್ರು ಕೂಡಿ ಹ್ಯಾಂಬರ್ಗಿನಾಗ ಶುರು ಮಾಡಿದ್ರು. ನಮ್ಮ ದೇಶದಾಗ ಮೊದಲನೇದು 2025ರ ಮೇ ತಿಂಗಳಾಗ ಮುಂಬೈದಾಗ ಆತು.

ಕಾಕಾ – ಹಾಕಿಯವ್ನ? ಅಂದ್ರ ಕಾಲಿನ ಬೆಲಿ ಗೊತ್ತಿದ್ದಾತ. ಆದ್ರ ಹೊಸಾದೇನೂ ಮಾಡಿಲ್ಲ ಬಿಡು. ನಮ್ಮ ಫೌಜಿನ ಬಿಪಿಇಟಿ ಪರೀಕ್ಷಾ ಹಿಂಗ ಇತ್ತಲ್ಲ. ಮೈಮ್ಯಾಲ ಸಾಮಾನು, ಕೈಯಾಗ ರೈಫಲ್, ಕಾಲಾಗ ಡಿಎಂಎಸ್ ಬೂಟು, 5 ಕಿಲೋಮೀಟರ್ ಓಟ. ಆಮ್ಯಾಲ 60 ಮೀಟರ್ ಜೋರ್ ಓಟ, ಹಗ್ಗ ಏರೂದು, ಅಡ್ಡ ಹಗ್ಗದ ಮ್ಯಾಲ ಹೋಗೂದು, 9 ಫೂಟ್ ತಗ್ಗು ಹಾರೂದು. ಸಾಕ್ಸ್ ಯಾವ್ದು ಅಂತ ಯಾರೂ ಕೇಳಲಿಲ್ಲ. ಕೊಟ್ಟದ್ದು ಹಾಕ್ಕೊಂಡ್ವಿ.

ಹುಡುಗಿ – ಬೊಬ್ಬಿ ಏಳಲಿಲ್ಲೇನು?

ಕಾಕಾ – ಎದ್ದುವಲ್ಲ. ಎದ್ದಾಗ ಉಸ್ತಾದ್ ನೋಡ್ತಿದ್ದ, ಬೈತಿದ್ದ. ಬೊಬ್ಬಿ ನಮ್ಮ ತಪ್ಪು, ಸಾಕ್ಸಿನ ತಪ್ಪಲ್ಲ ಅಂತಿದ್ದ.

ಹುಡುಗಿ – ಅರ್ಧ ಖರೆ ಐತಿ ಅದು. ಬೊಬ್ಬಿ ಹ್ಯಾಂಗ ಏಳ್ತೈತಿ ಹೇಳ್ರಿ ನೋಡೂಣು.

ಕಾಕಾ – ತಿಕ್ಕಿ ತಿಕ್ಕಿ. ಬೂಟು ಚರ್ಮಾ ತಿಕ್ಕತೈತಿ, ಏಳ್ತೈತಿ.

ಹುಡುಗಿ – ಮ್ಯಾಲ ತಿಕ್ಕಿದ್ರ ಚರ್ಮಾ ಕಿತ್ತು ಹೋಗ್ತೈತಿ, ನೀರು ತುಂಬೂದಿಲ್ಲ. ಬೊಬ್ಬಿ ಆಗೂದು ಒಳಗ. ಒಳಗಿನ ಎಲುವು ಮುಂದ ಹೊಂಟಿರ್ತೈತಿ, ಹೊರಗಿನ ಚರ್ಮಾನ ಸಾಕ್ಸ್ ಅಂಟಿಸಿ ಹಿಡದಿರ್ತೈತಿ. ನಡುವಿನ ಪದರಕ್ಕ ಎರಡೂ ಕಡೆ ಜಗ್ಗಾಟ. ಸಾವಿರ ಸಲ ಹಂಗ ಜಗ್ಗಿದ್ರ ಆ ಪದರು ಹರೀತೈತಿ, ಅಲ್ಲಿ ನೀರು ಬಂದು ಕೂಡ್ತೈತಿ. ಅದಕ್ಕ ಸಾಕ್ಸಿನ ಕೆಲಸ ಕಾಲನ್ನ ಗಟ್ಟಿ ಹಿಡಿಯೂದು ಅಷ್ಟ ಅಲ್ಲ. ಸ್ವಲ್ಪ ಜಾರಾಕೂ ಬಿಡಬೇಕು, ಆದ್ರ ಆ ಜಾರೂದು ಬಟ್ಟಿ ಮತ್ತ ಬೂಟಿನ ನಡುವ ಆಗಬೇಕು, ಇಲ್ಲಾ ಬಟ್ಟಿ ಬಟ್ಟಿ ನಡುವ. ಚರ್ಮದೊಳಗ ಆಗಬಾರ್ದು.

ಕಾಕಾ – ಮತ್ತ ಬೆವರು?

ಹುಡುಗಿ – ಅದ ಮುಖ್ಯ. ಒಣಾ ಚರ್ಮಾ ಜಾರತೈತಿ. ಹಸಿ ಆದ ಚರ್ಮಾ ಅಂಟತೈತಿ. ಪೂರಾ ತೊಯ್ದು ಬಹಳ ಹೊತ್ತಾದ್ರ ಮೆತ್ತಗಾಗಿ ಬೆಳ್ಳಗ ಆಗಿ ಸುಕ್ಕು ಬೀಳ್ತೈತಿ.

ಕಾಕಾ – ಅದನ್ನ ಆಷಾಢದ ದಿಂಡಿಯಾಗ ನೋಡೀನಿ. ಪಂಢರಪುರ ಮುಟ್ಟೂತನಾ ಮಳಿ ಹಿಡಕೊಂಡ್ರ ಮುದುಕರ ಅಂಗಾಲು ಬೆಂದ ಬಟಾಟಿ ಹಂಗ ಆಗಿರ್ತಾವ.

ಹುಡುಗಿ – ಹಂಗ ಮೆತ್ತಗಾದ ಚರ್ಮಾ ಲಗೂನ ಹರೀತೈತಿ. ಈಗ ನನ್ನ ರೇಸ್ ನೋಡ್ರಿ. ಸ್ಲೆಡ್ ಬರೂದು ಎರಡನೇ ಮತ್ತ ಮೂರನೇ ಕೆಲಸ. ಅಷ್ಟೊತ್ತಿಗೆ ಓಡಿ, ಮಷಿನ್ ಜಗ್ಗಿ ಬೆವರು ಇಳದಿರ್ತೈತಿ. ಮುಂಬೈ ಸೆಕಿ, ಅದರಾಗ ಮಂದಿ ತಲಿ ಮ್ಯಾಲ ನೀರು ಸುರಕೋತಾರ, ಅದು ಬೂಟಿನಾಗ ಇಳೀತೈತಿ. ದಬ್ಬುವಾಗ ಪೂರಾ ಭಾರ ಅಂಗಾಲಿನ ಮುಂದಿನ ಗಡ್ಡಿ ಮ್ಯಾಲ. ಬೂಟು ಕಾರ್ಪೆಟ್ ಕಚ್ಚಿ ನಿಂತಿರ್ತೈತಿ, ಕಾಲು ಅದರೊಳಗ ಜರಗತೈತಿ. ಜಗ್ಗುವಾಗ ಉಲ್ಟಾ, ಹಿಂದಕ್ಕ ವಾಲಿ ಹಿಮ್ಮಡಿ ಊರ್ತೀವಿ. ಎರಡೂ ಕೂಡಿ ಕೆಲವು ನಿಮಿಷದ ಕೆಲಸ. ಆದ್ರ ಅಲ್ಲಿ ಕಾಲಿಗೆ ಆದ ಪೆಟ್ಟಿನ ಬಡ್ಡಿ ಮುಂದಿನ ಐದು ಕಿಲೋಮೀಟರಿನಾಗ ಕಟ್ಟಬೇಕು. ಅಂಗಡ್ಯಾಗ ಒಣಾ ಕಾಲಿಗೆ ಹಾಕ್ಕೊಂಡು ಮೆತ್ತಗೈತಿ ಅಂತ ತಂದ ಸಾಕ್ಸ್ ಅಲ್ಲಿ ಕೈ ಕೊಡ್ತೈತಿ. ನಾ ಹುಡುಕಾಕತ್ತಿದ್ದು ನಾಕನೇ ಕಿಲೋಮೀಟರಿನ ತೊಯ್ದ ಕಾಲಿಗೆ ಆಗೂ ಸಾಕ್ಸ್.

ಕಾಕಾ – ಅದಕ್ಕ ಹತ್ತಿದು ತಗೊ. ಬೆವರು ಕುಡೀತೈತಿ. ಚಡಚಣದಾಗ ನೂರು ರೂಪಾಯಿಗೆ ಮೂರು ಜೋಡಿ ಕೊಡ್ತಾರ.

ಹುಡುಗಿ – ಕುಡೀತೈತಿ, ಬಿಡೂದಿಲ್ಲ. ಅದ ತೊಂದ್ರಿ. ಮಾಮೂಲಿ ಹವಾದಾಗಿಟ್ಟರೂ ಹತ್ತಿ ಎಳಿ ತನ್ನ ತೂಕದ ನೂರಕ್ಕ ಎಂಟರಷ್ಟು ತೇವ ಹಿಡದಿರ್ತೈತಿ. ನೈಲಾನ್ ನಾಕರಷ್ಟು. ಪಾಲಿಯೆಸ್ಟರ್ ಅರ್ಧಾನೂ ಹಿಡಿಯೂದಿಲ್ಲ. ಬೆವರು ಸುರದ ಮ್ಯಾಲ ಹತ್ತಿ ಉಬ್ಬಿ, ಜೋತು, ಕಾಲಿನ ಕೆಳಗ ಮುದುಡಿ ಕೂಡ್ತೈತಿ. ಪಾಲಿಯೆಸ್ಟರ್, ನೈಲಾನ್ ಎಳಿ ಅಷ್ಟು ನೀರು ಕುಡಿಯೂದಿಲ್ಲ, ಎಳಿ ಎಳಿ ಸಂದ್ಯಾಗಿಂದ ಹೊರಗ ಸಾಗಸ್ತಾವ.

ಕಾಕಾ – ಇದು ಮಾರಾವ್ರ ಮಾತು. ಯಾರರ ಓಡಿಸಿ ನೋಡ್ಯಾರೇನು?

ಹುಡುಗಿ – ನೋಡ್ಯಾರ. ಅಮೆರಿಕದಾಗ ಹೆರಿಂಗ್ ಮತ್ತ ರಿಚಿ ಅಂತ ಇಬ್ಬರು ಪಾದದ ಡಾಕ್ಟರು 1990ರಾಗ 35 ದೂರದ ಓಟಗಾರರಿಗೆ ಹತ್ತಿ ಸಾಕ್ಸ್, ಅಕ್ರಿಲಿಕ್ ಸಾಕ್ಸ್ ಎರಡೂ ಕೊಟ್ಟು ಓಡಿಸಿದ್ರು. ಯಾವ್ದು ಯಾವ್ದು ಅಂತ ಓಡಾವ್ರಿಗೂ ಹೇಳಲಿಲ್ಲ. ಹತ್ತಿ ಹಾಕ್ಕೊಂಡಾಗ ಬೊಬ್ಬಿ ಹೆಚ್ಚು, ದೊಡ್ಡುವೂ ಹೌದು.

ಕಾಕಾ – ಹಂಗಾರ ಮುಗೀತು.

ಹುಡುಗಿ – ಮುಗೀಲಿಲ್ಲ. 1993ರಾಗ ಅವರ ಮತ್ತ ಮಾಡಿದ್ರು. ಮೊದಲಿನ ಸಾಕ್ಸ್ ಅಂಗಾಲಿಗೆ ದಪ್ಪ ಮೆತ್ತಿ ಹಾಕಿ ಹೆಣೆದಿದ್ದು. ಈ ಸಲ ಮಾಮೂಲಿ ತೆಳು ಮೆತ್ತಿ. ಹತ್ತಿಗೂ ಅಕ್ರಿಲಿಕ್ಕಿಗೂ ಫರಕ್ಕ ಕಾಣಲಿಲ್ಲ. ಅಂದ್ರ ಎಳಿ ಒಂದ ನೋಡಿದ್ರ ಆಗೂದಿಲ್ಲ, ಹೆಣಿಗಿನೂ ನೋಡಬೇಕು. ಇದು ಪಾಕೀಟಿನ ಮ್ಯಾಲ ಬರಿಯೂದಿಲ್ಲ. ಒಳಮಗ್ಗಲು ತಿರುವಿ ಬೆರಳಿನಿಂದ ಸವರಿ ನೋಡಬೇಕು. ಈ ಜೋಡಿ ಮುಟ್ರಿ.

ಕಾಕಾ – ಸೊಲ್ಲಾಪುರ ಟಾವೆಲ್ ಮುಟ್ಟಿದಂಗ ಐತಿ.

ಹುಡುಗಿ – ಅದ ಟೆರ್ರಿ. ಅಲ್ಲಿ ನೇಯ್ತಾರ, ಇಲ್ಲಿ ಹೆಣೀತಾರ, ಕುಣಿಕಿ ಮಾತ್ರ ಒಂದ. ಈ ಕುಣಿಕಿ ಆಕಡೆ ಈಕಡೆ ವಾಲ್ತಾವ, ಕಾಲು ಜರಗಿದ್ದನ್ನ ತಾವು ನುಂಗತಾವ. ಚರ್ಮದೊಳಗ ಆಗೂ ಜಗ್ಗಾಟ ಅಷ್ಟು ಕಮ್ಮಿ.

ಕಾಕಾ – ಹಂಗಾರ ದಪ್ಪಾದಷ್ಟು ಚಲೋ.

ಹುಡುಗಿ – ನಾನೂ ಹಂಗ ತಿಳಕೊಂಡು ಈ ದಪ್ಪಂದು ತಂದಿದ್ದೆ. ಬೂಟಿನ ಅಳತಿ ತೆಳು ಸಾಕ್ಸ್ ಹಾಕ್ಕೊಂಡು ತಗೊಂಡಿದ್ದು. ದಪ್ಪಂದು ಹಾಕಿದ ಕೂಡ್ಲೆ ಬೆರಳಿಗೆ ಜಾಗ ಇಲ್ಲ. ಭಾರ ಹಿಡ್ಕೊಂಡು ನಡೆದಾಗ ಪಾದ ಅಗಲಾಗ್ತೈತಿ, ಉದ್ದಾನೂ ಆಗ್ತೈತಿ. ಒಂದೊಂದು ಕೈಯಾಗ 16 ಕಿಲೋ. ಸ್ಲೆಡ್ ದಬ್ಬುವಾಗ ಹೆಬ್ಬೆರಳು ಬೂಟಿನ ಮುಂದ ಗುದ್ದಿ ಉಗುರು ಕಪ್ಪಾತು. ನಡುವಿನ ದಪ್ಪ ಸಾಕು. ಹಿಮ್ಮಡಿಗೆ, ಅಂಗಾಲಿನ ಮುಂದಿನ ಗಡ್ಡಿಗೆ ಕುಣಿಕಿ ಇರ್ಲಿ, ಮ್ಯಾಲಿನ ಭಾಗ ತೆಳು ಜಾಳಿಗಿ ಇರ್ಲಿ, ಗಾಳಿ ಆಡ್ತೈತಿ. ಮತ್ತ ಬೂಟು ಕೊಳ್ಳಾಕ ಹೋಗುವಾಗ ರೇಸಿನ ಸಾಕ್ಸ್ ಕಿಸೆದಾಗ ಇಟ್ಕೊಂಡು ಹೋಗಬೇಕು.

ಕಾಕಾ – ಉಣ್ಣಿದು ಯಾಕ ಬ್ಯಾಡ? ನಮಗ ಕೊಡ್ತಿದ್ದದ್ದು ಉಣ್ಣಿ. ಕಡೀತಿತ್ತು ಖರೆ, ಆದ್ರ ತೊಯ್ದ್ರೂ ತಣ್ಣಗ ಹತ್ತತಿದ್ದಿಲ್ಲ. ನಮ್ಮ ಜತ್ತ ತಾಲೂಕಿನ್ಯಾಗ ಕುರಿಗೇನು ಬರ? ಮಾಡಗ್ಯಾಳ ಕುರಿ ಕೊಳ್ಳಾಕ ಎಲ್ಲೆಲ್ಲಿಂದ ಮಂದಿ ಬರ್ತಾರ.

ಹುಡುಗಿ – ಮಾಡಗ್ಯಾಳ ಕುರಿ ಮಾಂಸಕ್ಕ ಹೆಸರು ರೀ ಕಾಕಾ. ಸಾಕ್ಸಿಗೆ ಬೇಕಾದ್ದು ಮೆರಿನೋ ಅಂತ ಬ್ಯಾರೆ ತಳಿ, ಎಳಿ 20 ಮೈಕ್ರಾನ್ ಆಸುಪಾಸು ಇಲ್ಲಾ ಅದಕ್ಕೂ ಸಣ್ಣ. ನಮ್ಮ ದಖ್ಖನಿ ಉಣ್ಣಿ ಒರಟು, ಕಂಬಳಿಗೆ ಸೈ. ಮೆರಿನೋ ಚಲೋನ, ತೂಕದ ನೂರಕ್ಕ ಹದಿನಾರರಷ್ಟು ತೇವ ಎಳಿಯೊಳಗ ನುಂಗಿ ಮ್ಯಾಲ ಒಣಾ ಇರ್ತೈತಿ, ನಾತಾನೂ ಹೊಡಿಯೂದಿಲ್ಲ. ಗುಡ್ಡದ ಮ್ಯಾಲ ದಿನಗಟ್ಟಲೆ ನಡ್ಯಾಕ ಅದಕ್ಕ ಸಾಟಿ ಇಲ್ಲ. ಒಂದೂವರೆ ತಾಸಿನ ಬಿಸಿ ರೇಸಿಗೆ, ಕಾರ್ಪೆಟ್ ಮ್ಯಾಲ ತಿಕ್ಕಾಡಾಕ ಅಷ್ಟು ರೊಕ್ಕ ಹಾಕೂದು ನನಗ ಸರಿ ಅನಸೂದಿಲ್ಲ. ಲಗೂನ ಸವೀತೈತಿ. ನೈಲಾನ್ ಜಾಸ್ತಿ ಕೂಡಿಸಿ ಹೆಣೆದಿದ್ರ ಮಾತು ಬ್ಯಾರೆ.

ಕಾಕಾ – ಇದೇನು, ಕಾಲಿಗೆ ಕೈಚೀಲ? ಒಂದೊಂದು ಬೆರಳಿಗೆ ಒಂದೊಂದು ಮನಿ!

ಹುಡುಗಿ – ಬೆರಳಿನ ಸಾಕ್ಸ್. ಬೆರಳ ಸಂದ್ಯಾಗ ಚರ್ಮಕ್ಕ ಚರ್ಮಾ ತಿಕ್ಕಿ ಬೊಬ್ಬಿ ಏಳಾವ್ರಿಗೆ ಅದು ಭಾರಿ ಉಪಯೋಗ. ಚೀಲ ಹೊತ್ತು ಮೊಣಕಾಲು ಊರುವಾಗ ಹಿಂದಿನ ಕಾಲಿನ ಬೆರಳು ಪೂರಾ ಮಡಚ್ತಾವ ನೋಡ್ರಿ, ಅಲ್ಲಿ ಹತ್ತತೈತಿ. ನನಗ ಆ ತ್ರಾಸಿಲ್ಲ. ಬೂಟಿನ ಮೂತಿ ಇಕ್ಕಟ್ಟಿದ್ರ ಇದು ಇನ್ನಾ ಇಕ್ಕಟ್ಟು ಮಾಡ್ತೈತಿ. ನೋಡಾವ್ರು ನಗೂದು ಬ್ಯಾರೆ.

ಕಾಕಾ – ನಗದ ಏನ್ ಮಾಡ್ತಾರ? ಮತ್ತ ಈ ಅಡಿಗೆ ರಬ್ಬರ್ ಚುಕ್ಕಿ ಇದ್ದದ್ದು?

ಹುಡುಗಿ – ಗೆಳತಿ ಕೊಟ್ಟಾಳ. ಫುಟ್‌ಬಾಲ್ ಆಡಾವ್ರು ಹಾಕ್ತಾರ, ಬೂಟಿನಾಗ ಕಾಲು ಜಾರಬಾರ್ದು ಅಂತ. ಸ್ಲೆಡ್ಡಿಗೆ ಇದ ಬೇಕು ಅಂತ ಮೊದಲ ಅನಸ್ತೈತಿ. ಆದ್ರ ಈಗ ಹೇಳಿದ್ನಲ್ಲ, ಹೊರಗ ಜಾರೂದು ಬಂದ್ ಮಾಡಿದ್ರ ಅದು ಚರ್ಮದೊಳಗ ಹೋಗ್ತೈತಿ. ಚೆಂಡಿನ ಆಟದಾಗ ನಿಂತು ತಿರುಗಾಕ ಬೇಕಾಗ್ತೈತಿ, ಎಂಟು ಕಿಲೋಮೀಟರ್ ಓಟಕ್ಕ ಬ್ಯಾಡ. ಕಾಲು ಹಿಡಿಯೂದು ಬೂಟಿನ ಲೇಸಿನ ಕೆಲಸ. ಕಡೀ ತೂತಿನಾಗ ಲೇಸ್ ಹಾಕಿ ಕಣಕಾಲಿಗೆ ಬಿಗದ್ರ ಹಿಮ್ಮಡಿ ಏಳೂದಿಲ್ಲ.

ಕಾಕಾ – ಮೊಣಕಾಲ ಮಟಾ ಇದ್ದದ್ದು? ನಮ್ಮ ಹಾಕಿಯವ್ರು ಹಾಕ್ತಿದ್ರು.

ಹುಡುಗಿ – ಇದು ಮೀನಗಂಡ ಅವಚಿ ಹಿಡಿಯೂ ಜಾತಿ. ಇದರಿಂದ ಜೋರ್ ಓಡ್ತೀವಿ ಅನ್ನೂದಕ್ಕ ಗಟ್ಟಿ ಪುರಾವೆ ಇಲ್ಲ. ರೇಸ್ ಮುಗಿದ ಮರುದಿನ ನೋವು ಸ್ವಲ್ಪ ಕಮ್ಮಿ ಅನ್ನಾವ್ರು ಅದಾರ. ಬಸ್ಸಿನಾಗ ಪುಣೆಕ್ಕ ಹೋಗುವಾಗ ಹಾಕ್ಕೋತೀನಿ. ಹಂಗಂತ ಬೂಟಿನೊಳಗ ಮುಳುಗೂ ಗಿಡ್ಡ ಸಾಕ್ಸೂ ಬ್ಯಾಡ. ಹುಟ್ಟು ಹಾಕೂ ಮಷಿನ್ನಿಗೆ ಪಾದ ಪಟ್ಟಿಯಿಂದ ಬಿಗೀತಾರ, ಪ್ರತಿ ಜಗ್ಗಿಗೂ ಹಿಮ್ಮಡಿ ಎದ್ದು ಇಳೀತೈತಿ. ಗಿಡ್ಡ ಸಾಕ್ಸ್ ಅಲ್ಲೇ ಒಳಗ ಜಾರಿ ಹೋಗಿ ಹಿಮ್ಮಡಿ ಮ್ಯಾಲಿನ ನರ ಬೂಟಿನ ಅಂಚಿಗೆ ಸಿಗತೈತಿ. ಕಣಕಾಲಿನ ಮ್ಯಾಲ ನಾಕು ಬೆರಳು ಇದ್ರ ಬೇಷ್.

ಕಾಕಾ ಇಷ್ಟಕ್ಕೆ ಒಪ್ಪಿದರೆಂದು ತಿಳಿಯಬಾರದು. ಚಹಾ ಬಂತು, ಅವರು ಹಗ್ಗದಿಂದ ಒಂದು ಜೋಡಿ ಇಳಿಸಿ ತಮ್ಮ ಕೈಗೆ ತೊಟ್ಟು ನೋಡಿದರು. ಅವರ ಕಣ್ಣಿಗೆ ಬಿದ್ದದ್ದು ಆಕೆ ಇನ್ನೂ ಹೇಳದೆ ಉಳಿಸಿದ್ದ ಸಂಗತಿ.

ಕಾಕಾ – ಇದರ ಹಿಮ್ಮಡಿ ಜಾಗ ಎಲ್ಲೈತಿ ನೋಡು. ನಿನ್ನ ಕಾಲಿಗೆ ಹಾಕಿದ್ರ ಕಣಕಾಲಿನ ಮ್ಯಾಲ ಬರ್ತೈತಿ. ಇದು ನನ್ನ ಅಳತಿದು.

ಹುಡುಗಿ – ಫ್ರೀ ಸೈಜ್ ಅಂತ ಕೊಟ್ರು. ಫ್ರೀ ಸೈಜ್ ಅಂದ್ರ ಗಂಡಸರ ಸೈಜ್. ಹೆಣ್ಮಕ್ಕಳು ಹಾಕ್ಕೊಂಡ್ರ ಹಿಮ್ಮಡಿ ಚೀಲ ಮ್ಯಾಲ ಹೋಗಿ ಬೆರಳ ತುದ್ಯಾಗ ಬಟ್ಟಿ ಉಳೀತೈತಿ. ಉಳಿದ ಬಟ್ಟಿ ಮಡಚತೈತಿ, ಮಡಚಿದಲ್ಲಿ ಬೊಬ್ಬಿ. ನನ್ನ ಗೆಳತ್ಯಾರು ಎಷ್ಟೋ ಮಂದಿ ಬೂಟಿಗೆ ಹದಿನೈದು ಸಾವಿರ ಹಾಕಿ ಫ್ರೀ ಸೈಜ್ ಸಾಕ್ಸ್ ಹಾಕ್ಕೊಂಡು ಬರ್ತಾರ. ನನಗ ಕೇಳಿದ್ರ ಎಳಿ, ಹೆಣಿಗಿ, ಕಂಪನಿ ಎಲ್ಲಾಕಿಂತ ಮೊದಲ ಅಳತಿ. ಎಡ ಬಲ ಅಂತ ಗುರುತಿದ್ರ ಇನ್ನಾ ಚಲೋ, ಬೆರಳಿನ ಓರಿ ಕೂಡ್ತೈತಿ.

ಕಾಕಾ – ಹೊಲಿಗಿ ಹೇಳಲಿಲ್ಲ ನೀ. ನಮ್ಮ ಉಸ್ತಾದ್ ಸಾಕ್ಸ್ ಉಲ್ಟಾ ಮಾಡಿ ಹಾಕ್ಕೋರಿ ಅಂತಿದ್ದ, ಬೆರಳಿನ ಮ್ಯಾಲಿನ ಹೊಲಿಗಿ ಹೊರಗ ಬರ್ಲಿ ಅಂತ.

ಹುಡುಗಿ – ಭಾರಿ ಶಾಣ್ಯಾ ಇದ್ದ ಬಿಡ್ರಿ. ಈಗ ಚಪ್ಪಟಿ ಹೊಲಿಗಿ ಬಂದಾವ. ಇರಲಿಲ್ಲಂದ್ರ ಅವ್ರು ಹೇಳಿದ್ದ ಮಾಡೂದು.

ಕಾಕಾ – ಮತ್ತ ಇಷ್ಟೆಲ್ಲಾ ಮಾಡಿನೂ ಬೊಬ್ಬಿ ಎದ್ರ?

ಹುಡುಗಿ – ಯಾವಾಗ್ಲೂ ಏಳೂ ಜಾಗಕ್ಕ ಮೊದಲ ಪೇಪರ್ ಟೇಪ್ ಹಚ್ಚೂದು. ದವಾಖಾನ್ಯಾಗ ಸಲೈನ್ ಸೂಜಿ ಮ್ಯಾಲ ಹಚ್ತಾರಲ್ಲ, ಅದ. ಸ್ಟ್ಯಾನ್‌ಫರ್ಡ್ ಡಾಕ್ಟರೊಬ್ಬರು ಮರಳುಗಾಡಿನಾಗ ದಿನಗಟ್ಟಲೆ ಓಡೂ ಮಂದಿಗೆ ಒಂದು ಕಾಲಿಗೆ ಇಂಥಾ ಜಾಗಕ್ಕ ಟೇಪ್ ಹಚ್ಚಿ, ಉಳಿದದ್ದು ಹಂಗ ಬಿಟ್ಟು ನೋಡಿದ್ರು. 2016ರಾಗ ಅದು ಅಚ್ಚಾತು. ಟೇಪ್ ಹಚ್ಚಿದಲ್ಲಿ ಬೊಬ್ಬಿ ನೂರಕ್ಕ 40ರಷ್ಟು ಕಮ್ಮಿ. ಅಗ್ಗದ ಟೇಪು, ಉಮದಿ ಔಷಧ ಅಂಗಡ್ಯಾಗೂ ಸಿಗತೈತಿ.

ಕಾಕಾ – ಅಗ್ಗದ ಮಾತು ಈಗ ಬಂತು ನೋಡು. ಇನ್ನೊಂದು ಹೇಳ್ತೀನಿ. ನಿನ್ನ ಇಷ್ಟೂ ಸಾಕ್ಸ್ ಬಿಸಿಲಿಗೆ ಹಾಕಿ ಸುಡಾಕತ್ತೀದಿ. ಮುಟ್ಟಿ ನೋಡು, ಕಟ್ಟಿಗಿ ಆಗ್ಯಾವ.

ಹುಡುಗಿ – ಬಿಸಿಲು ಅಷ್ಟ ಅಲ್ರೀ, ನಮ್ಮ ಬೋರಿನ ಸವಳ ನೀರು. ಸಾಬೂನು ಅದರಾಗ ಕೆನಿಗಟ್ಟಿ ಎಳಿ ಸಂದ್ಯಾಗ ಕೂಡ್ತೈತಿ. ಪುಣೆದಾಗ ಮೆತ್ತಗಿದ್ದ ಕುಣಿಕಿ ಇಲ್ಲಿ ಎರಡು ಸಲ ಒಗದ್ರ ಬ್ರಶ್ ಆಗ್ತಾವ. ಪುಡಿ ಕಮ್ಮಿ ಹಾಕಿ, ಉಲ್ಟಾ ಮಾಡಿ ಒಗದು, ಎರಡು ಮೂರು ನೀರು ಹಾಕಬೇಕು. ಬಿಸಿಲಿಗೆ ಅಂಚಿನ ಇಲಾಸ್ಟಿಕ್ ಸಾಯ್ತೈತಿ ಅನ್ನೂದೂ ಖರೆ. ನೆಳ್ಳಾಗ ಹಾಕ್ತೀನಿ.

ಕಾಕಾ – ಮುಂಜಾನೆ ಗುರುದೇವಾಶ್ರಮದ ದಾರ್ಯಾಗ ಭರ್ತಿ ಹುಡುಗರು ಓಡ್ತಾರಲ್ಲ, ಅವರಿಗೆ ಏನ್ ಹೇಳ್ಲಿ? ಅರ್ಧ ಮಂದಿ ಬರಿಗಾಲಿಲೆ ಓಡ್ತಾರ.

ಹುಡುಗಿ – ನಮ್ಮ ಪೊಲೀಸ್ ಭರ್ತಿಗೆ 1600 ಮೀಟರ್, 100 ಮೀಟರ್, ಗುಂಡು ಎಸಿಯೂದು. ಐದಾರು ನಿಮಿಷದಾಗ ಬೊಬ್ಬಿ ಏಳಾಕ ಪುರಸೊತ್ತ ಇಲ್ಲ. ಅವರಿಗೆ ಸಾಕ್ಸಿನ ಮಾತು ಹೇಳಿ ತಲಿ ತಿನಬ್ಯಾಡ್ರಿ. ತಿಂಗಳಗಟ್ಟಲೆ ತಾಲೀಮು ಮಾಡುವಾಗ ಅಣ್ಣನ ಬೂಟು ಹಾಕ್ಕೊಂಡು ಬರ್ತಾರಲ್ಲ, ಅದನ್ನ ಬಿಡಸ್ರಿ ಸಾಕು.

ಕಾಕಾ – ಕಡೀಕ ಯಾವ ಜೋಡಿ?

ಹುಡುಗಿ – ಈ ಬೂದಿ ಬಣ್ಣದ್ದು, ನಡುವಿನ ದಪ್ಪ, ನನ್ನ ಅಳತಿ. ನೈಲಾನ್, ಪಾಲಿಯೆಸ್ಟರ್. ಹತ್ತಾರು ಸಲ ಒಗದೀನಿ, ಕುಣಿಕಿ ಇನ್ನಾ ಕುಂತಿಲ್ಲ. ಆದ್ರ ಪರೀಕ್ಷಾ ಬಾಕಿ. ನಾಳೆ ಎರಡು ಕಿಲೋಮೀಟರ್ ಓಡಿ, ಬೂಟಿನಾಗ ಒಂದು ಚರಿಗಿ ನೀರು ಸುರಕೊಂಡು ಟ್ರ್ಯಾಕ್ಟರಿನ ಹಳೇ ಟೈರ್ ದಬ್ಬತೀನಿ, ಮತ್ತ ಓಡ್ತೀನಿ. ಆಮ್ಯಾಲ ಸಾಕ್ಸ್ ತಗದು ಎಲ್ಲೆಲ್ಲಿ ಕೆಂಪಾಗೈತಿ ನೋಡೂದು.

ಕಾಕಾ – ಟೈರಿನ ಮ್ಯಾಲ ನಾ ಕೂಡ್ತೀನಿ, ತೂಕ ಸರಿ ಆಗ್ತೈತಿ. ಮತ್ತ ಪುಣೆದಿಂದ ಬರುವಾಗ ನನಗೊಂದು ಜೋಡಿ ತಾ. ಒಂಬತ್ತು ನಂಬರ್. ಬಿಳಿ ಬ್ಯಾಡ, ನಮ್ಮ ಎರಿ ಮಣ್ಣಿಗೆ ಒಂದ ದಿನ.

ಹುಡುಗಿ – ನೀವೂ ಓಡ್ತೀರೇನು?

ಕಾಕಾ – ದಿಂಡಿಗೆ ಬೇಕು. ಚಪ್ಪಲಿಯ ಉಂಗುಟ ಬೆರಳ ಸಂದ್ಯಾಗ ಕೊರೀತೈತಿ, ಹೋದ ಸಲ ಅಲ್ಲೇ ಬೊಬ್ಬಿ ಎದ್ದಿತ್ತು.

ಹುಡುಗಿ – ಉಂಗುಟದ ಚಪ್ಪಲಿಗೆ ಹಾಕ್ಕೋಬೇಕಂದ್ರ ಬೆರಳಿನ ಸಾಕ್ಸ ಆಗಬೇಕು ರೀ ಕಾಕಾ. ಒಂದೊಂದು ಬೆರಳಿಗೆ ಒಂದೊಂದು ಮನಿ ಇದ್ದದ್ದು.

ಕಾಕಾ – ಆಗ್ಲಿ ತಾ. ಧೋತರ ಇಳೇ ಬಿಟ್ಟು ಉಟ್ಕೋತೀನಿ.